ಎದುರಿನ ಕುರ್ಚಿಯಾಕಿ

2025ರ ಜುಲೈದಾಗ ಜಾರ್ಜಿಯಾ ದೇಶದ ಬಟುಮಿಯೊಳಗ ನಡದ ಹೆಣ್ಣುಮಕ್ಕಳ ಚೆಸ್ ವಿಶ್ವಕಪ್ ಫೈನಲ್ ನೆನಪದ ಏನ್ರಿ? ಎದುರಾಬದರ ಕೂತವರಿಬ್ಬರೂ ನಮ್ಮ ದೇಶದವರು. ನಾಗಪುರದ ದಿವ್ಯಾ ದೇಶಮುಖಗ 19 ವರ್ಷ, ಆಂಧ್ರದ ಕೊನೇರು ಹಂಪಿಗೆ 38. ಗೆದ್ದ ದಿವ್ಯಾ ತಾಯಿನ್ನ ತಬ್ಕೊಂಡು ಅತ್ತ ವಿಡಿಯೋ ನೋಡಿ ನಾವೆಲ್ಲಾ ಕಣ್ಣು ಒರಸ್ಕೊಂಡ್ವಿ. ಖರೇನ ದೊಡ್ಡ ಗೆಲುವು ಅದು. ಅದರಿಂದನ ಆಕಿ ಭಾರತದ 88ನೇ ಗ್ರ್ಯಾಂಡ್‌ಮಾಸ್ಟರ್ ಆದಳು.

ಆದ್ರ ಎದುರಿನ ಕುರ್ಚಿಯಾಕಿ ಬಗ್ಗೆ ನಮ್ಮೊಳಗ ಬಂದ ಮಾತು ನನಗ ಸರಿ ಅನಸಲಿಲ್ಲ. "ಕೂಸು ಆದಮ್ಯಾಲೆ ಇನ್ನೆಲ್ಲಿ ಆಟ, ಮನ್ಯಾಗ ಇರಬೇಕಿತ್ತು" ಅಂದ್ರು.

ಸ್ವಲ್ಪ ವಿಚಾರ ಮಾಡ್ರಿ. ನಿಧಾನದ ಎರಡೂ ಆಟ ಡ್ರಾ. ಆಮ್ಯಾಲೆ ಲಗೂನ ಮುಗಿಸೋ ರ‍್ಯಾಪಿಡ್ ಆಟ. ಅದರಾಗೂ ಮೊದಲನೇದು ಡ್ರಾ. ಕಡೀ ಆಟದಾಗ ಹಂಪಿದು ಬಿಳಿ ಕಾಯಿ. ಗಡಿಯಾರದಾಗ ಹೊತ್ತು ಕರಗಿತು, ನಡಿ ತಪ್ಪಿತು, ದಿವ್ಯಾ ಬಿಡಲಿಲ್ಲ. ಎರಡೂವರಿಗೆ ಒಂದೂವರಿ, ಅಂದ್ರ ಒಂದ ಆಟದ ಅಂತರ. ಇದಕ್ಕ ತಾಯ್ತನ ಹೆಂಗ ಕಾರಣ ಆಗ್ತದ?

2002ರಾಗ 15ನೇ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆದಾಕಿ ಹಂಪಿ. 2017ರಾಗ ಮಗಳು ಹುಟ್ಟಿದಳು, ಆಟ ಬಿಟ್ಟು ಕೂತಳು. ತಿರಗಿ ಬಂದು 2019ರಾಗ ಒಮ್ಮೆ, 2024ರಾಗ ಇನ್ನೊಮ್ಮೆ ವಿಶ್ವ ರ‍್ಯಾಪಿಡ್ ಗೆದ್ದಳು. ಎರಡೂ ತಾಯಿ ಆದಮ್ಯಾಲೆ ಗೆದ್ದದ್ದು. ಅವಾಗ ಯಾರೂ "ಕೂಸು ಆದದ್ದಕ್ಕ ಗೆದ್ದಳು" ಅನ್ನಲಿಲ್ಲ.

ಹಂಪಿ ಆಡಲಿಕ್ಕೆ ಪರದೇಶಕ್ಕ ಹೋದಾಗ ಮಗಳನ್ನ ನೋಡ್ಕೊಂಡವರು ಆಕಿ ತಂದಿ-ತಾಯಿ. ಇದನ್ನ ಓದಿ ನನಗ ಚುಚ್ಚಿದಂಗಾತು. ನಮ್ಮ ಸೊಸಿ ಮತ್ತ ನೌಕರಿಗೆ ಹೋಗ್ತೀನಿ ಅಂದಾಗ "ಈಗ್ಯಾಕವಾ, ಕೂಸಿನ್ನೂ ಸಣ್ಣದು" ಅಂದಾಕಿ ನಾನ. ಎರಡು ವರ್ಷ ಆಕಿ ಆ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಸುಮ್ಮನಿದ್ದಾಳ ಅಂದ್ರ ಖುಷಿಯಿಂದ ಇದ್ದಾಳ ಅಂತ ತಿಳಕೊಂಡಿದ್ದೆ.

ಮೊನ್ನೆ ನಾನ ಹೇಳಿದೆ, "ನೀ ಅರ್ಜಿ ಹಾಕು. ಕೂಸಿನ ಮಧ್ಯಾಹ್ನದ ಊಟ, ನಿದ್ದಿ ನಂದು." ಆಕಿ ಏನೂ ಅನ್ನಲಿಲ್ಲ. ಒಳಗ ಹೋಗಿ ಟ್ರಂಕಿನ ತಳದಿಂದ ಸರ್ಟಿಫಿಕೇಟಿನ ಫೈಲ್ ತಗದಳು.

ನೌಕರಿ ಸಿಗಬಹುದು, ಸಿಗದನೂ ಇರಬಹುದು. ಆಡಿದಾಕಿ ಸೋಲಬಹುದು, ಅದರಾಗೇನೂ ತಪ್ಪಿಲ್ಲ. ಆಡಲಿಕ್ಕೆ ಕೂಡೋದಕ್ಕಿಂತ ಮೊದಲ ಆಕೀನ್ನ ಕುರ್ಚಿಯಿಂದ ಎಬ್ಬಿಸೋದು ಮಾತ್ರ ತಪ್ಪು. ಅಂಥಾ ತಪ್ಪು ಹೊರಗಿನವರಗಿಂತ ನಮ್ಮಂಥಾ ಅತ್ತಿ-ಅವ್ವಂದಿರ ಕೈಲೇನ ಜಾಸ್ತಿ ಆಗ್ತದ ನೋಡ್ರಿ.