ಸನಾದಿ ವಿಮಾನ ಹತ್ತೋದು ಯಾವಾಗ?



ಸಿನಿಮಾದಲ್ಲಿ ಫಾರಿನ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರೋದೇನು? ವಿಮಾನದ ಮೆಟ್ಟಿಲು, ಕಪ್ಪು ಕನ್ನಡಕ, ಕೈಯಲ್ಲೊಂದು ಸೂಟ್‌ಕೇಸು! 1978ರಲ್ಲಿ ವಿಷ್ಣುವರ್ಧನ್ ಮತ್ತು ದ್ವಾರಕೀಶ್ ‘ಸಿಂಗಾಪೂರಿನಲ್ಲಿ ರಾಜಾಕುಳ್ಳ’ದಲ್ಲಿ ಕಡಲು ದಾಟಿದರು. ಕನ್ನಡದ ಪ್ರೇಕ್ಷಕ ಕೂತಲ್ಲೇ ಸಿಂಗಾಪುರ ಸುತ್ತಿ ಬಂದ.

ಅದಕ್ಕೆ ಒಂದೇ ವರ್ಷ ಮುಂಚೆ, 1977ರಲ್ಲಿ, ಅಣ್ಣಾವ್ರ ಕೈಗೆ ಸನಾದಿ ಬಂದಿತ್ತು. ‘ಸನಾದಿ ಅಪ್ಪಣ್ಣ’! ನಿರ್ದೇಶನ ವಿಜಯ್, ಸಂಗೀತ ಜಿ.ಕೆ. ವೆಂಕಟೇಶ್, ನಾಯಕಿ ಜಯಪ್ರದಾ. ಕಥೆ ಯಾರದು ಗೊತ್ತೆ? ಗೋಕಾಕದಲ್ಲಿ ಮಾಸ್ತರಿಕೆ ಮಾಡಿದ ಕೃಷ್ಣಮೂರ್ತಿ ಪುರಾಣಿಕರದು. ‘ಕರುಣೆಯೇ ಕುಟುಂಬದ ಕಣ್ಣು’ (1962), ‘ಕುಲವಧು’ (1963) ಕೂಡ ಅವರ ಕಾದಂಬರಿಗಳಿಂದಲೇ ಬಂದ ಚಿತ್ರಗಳು. ಮನೆಯೊಳಗಿನ ಪ್ರೀತಿ, ಮುನಿಸು, ಕಣ್ಣೀರು... ಇದೇ ಅವರ ಬಂಡವಾಳ. ಶಾಲೆ ಬಿಟ್ಟ ಮೇಲೆ ಬರೆದ ಕಥೆಗಳು ಮದರಾಸಿನ ಸ್ಟುಡಿಯೋ ಮುಟ್ಟಿದವು.

ಅಪ್ಪಣ್ಣನ ಸನಾದಿಗೆ ಉಸಿರು ತುಂಬಿದವರು ಕಾಶಿಯ ಉಸ್ತಾದ್ ಬಿಸ್ಮಿಲ್ಲಾ ಖಾನ್. ಅವರು ಶಹನಾಯಿ ಅಂದದ್ದೇ ನಮ್ಮ ಉತ್ತರ ಕರ್ನಾಟಕದ ಬಾಯಲ್ಲಿ ಸನಾದಿ. ನೋಡಿ, ಗೋಕಾಕದ ಕಥೆಗೆ ಕಾಶಿಯ ಉಸಿರು!

ಈ ಸೀಮೆಗೆ ಇಂಥ ಕಥೆ ಹೊಸದೇನಲ್ಲ. ಗೋಕಾಕ, ಮೂಡಲಗಿ ಕಡೆಯ ಕುಲಗೋಡ, ಕೌಜಲಗಿ ಅಂದರೆ ಶ್ರೀಕೃಷ್ಣ ಪಾರಿಜಾತದ ತವರು. ಕುಲಗೋಡ ತಮ್ಮಣ್ಣನವರು ಆ ಆಟವನ್ನು ತಿದ್ದಿ ಬೆಳೆಸಿದರು. ಕೌಜಲಗಿ ನಿಂಗಮ್ಮ ಅದರಲ್ಲೇ ಮನೆಮಾತಾದರು. ಒಂದು ಹೂವಿಗಾಗಿ ರುಕ್ಮಿಣಿ, ಸತ್ಯಭಾಮೆಯರ ನಡುವೆ ಜಗಳ. ಪುರಾಣದಲ್ಲಿ ಆ ಗಿಡಕ್ಕಾಗಿ ಕೃಷ್ಣ ದೇವಲೋಕಕ್ಕೇ ಹೋಗಿ ಬರ್ತಾನೆ. ಪಾಸ್‌ಪೋರ್ಟಿಲ್ಲದ ಫಾರಿನ್ ಟೂರು! ತಂದು ನೆಟ್ಟದ್ದು ಭಾಮೆಯ ಅಂಗಳದಲ್ಲಿ, ಹೂವು ಉದುರಿದ್ದು ರುಕ್ಮಿಣಿಯ ಅಂಗಳದಲ್ಲಿ.

ಆದರೆ ಆಡುವವರಿಗೆ, ಬಾರಿಸುವವರಿಗೆ ದೇವಲೋಕ ಅಷ್ಟು ಸಲೀಸಾಗಿ ಸಿಗೋದಿಲ್ಲ. ಮೂಡಲಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಒಬ್ಬ ಹುಡುಗನ ಮಾತು ಕೇಳಿ. ಹುಕ್ಕೇರಿ ಕಡೆಯವನು, ಅಕ್ಕನಿಗೆ ಹೇಳಿ ಹೋಗಲು ಬಂದಿದ್ದ. ಮೂರು ವರ್ಷ ಕಾದ ಮೇಲೆ ದುಬೈಗೆ ವೀಸಾ ಬಂದಿದೆ, ವೆಲ್ಡಿಂಗ್ ಕೆಲಸ.

“ನಿಮ್ಮಪ್ಪ ಏನ್ ಮಾಡ್ತಾರ ತಮ್ಮಾ?”

“ಹೊಲಾ ಐತ್ರಿ...” ಅಂದವನು ಆಚೀಚೆ ನೋಡಿ ದನಿ ತಗ್ಗಿಸಿದ. “ಕರಡಿಮಜಲಿನ್ಯಾಗ ಸನಾದಿ ಬಾರಸ್ತಾನ್ರಿ. ದೋಸ್ತರಿಗೆ ಹೇಳಿಲ್ರಿ. ಪೀಪಿ ಊದಾವನ ಮಗಾ ಅಂತ ನಗ್ತಾರ.”

ಹುಡುಗನಿದ್ದಾಗ ಅವನಪ್ಪ ಗೋಕಾಕದ ಟಾಕೀಜಿನಲ್ಲಿ ‘ಸನಾದಿ ಅಪ್ಪಣ್ಣ’ ಮೂರು ಸಲ ನೋಡಿದ್ದನಂತೆ. ದೊಡ್ಡವನಾದ ಮೇಲೆ ಒಮ್ಮೆ ಯಾರೋ ಬಂದು, ನಿಮ್ಮ ಮೇಳಾನ ಹೊರದೇಶದ ಉತ್ಸವಕ್ಕೆ ಕರೆದೊಯ್ತೀವಿ ಅಂದರು. ಪಾಸ್‌ಪೋರ್ಟು ಮಾಡಿಸಿದ್ದಾಯ್ತು, ಹೊಸ ಧೋತ್ರ, ಹೊಸ ಪಟಗಾ ತಂದದ್ದಾಯ್ತು. ಕೊನೆಗೆ ಬಂದ ಯಾದಿಯಲ್ಲಿ ಅವನ ಹೆಸರಿಲ್ಲ! ಒಂದೂ ಠಸ್ಸೆ ಬೀಳದ ಆ ಪಾಸ್‌ಪೋರ್ಟು ಟ್ರಂಕಿನ ತಳದಲ್ಲೇ ಅವಧಿ ಮುಗಿಸಿತು.

ಮಗನಿಗೆ ವೀಸಾ ಬಂದ ರಾತ್ರಿ ಅಪ್ಪ ಏನೂ ಮಾತಾಡಲಿಲ್ಲ. ನಸುಕಿನಲ್ಲೆದ್ದು ಕಟ್ಟೆಯ ಮೇಲೆ ಕೂತು, ಹೊತ್ತು ಮೂಡುವವರೆಗೂ ಸನಾದಿ ಬಾರಿಸಿದ. ಆಮೇಲೆ ತನ್ನದೇ ಒಂದು ಹಳೇ ಸನಾದಿಯನ್ನು ಅರಿವೆಯಲ್ಲಿ ಸುತ್ತಿ ಮಗನ ಕೈಗಿಟ್ಟು, “ಅಲ್ಲೆ ನಮ್ಮ ಮಂದಿ ಲಗ್ನಾ ಮಾಡಿದ್ರ ಸನಾದಿ ಬಾರಸಾವ್ರು ಯಾರು? ಕೇಳಿ ಬಾ” ಅಂದನಂತೆ.

“ಇದನ್ನ ಒಯ್ಯಬೇಕೋ ಬ್ಯಾಡೋ, ನೀವs ಹೇಳ್ರಿ ಸರ. ನನಗ ಊದಾಕೂ ಬರೂದಿಲ್ಲ” ಅಂತ ಹುಡುಗ.

ನಾನು ಅವನಿಗೆ ಖಾನ್ ಸಾಹೇಬರ ಮಾತು ಹೇಳಿದೆ. ಅಮೆರಿಕದಲ್ಲೇ ನೆಲೆಸಿ ಶಹನಾಯಿ ಕಲಿಸಿ, ಕಾಶಿಯ ಗುಡಿಗಳನ್ನು ಅಲ್ಲೇ ಕಟ್ಟಿಸಿಕೊಡ್ತೇವೆ ಅಂತ ಶಿಷ್ಯನೊಬ್ಬ ಕರೆದಿದ್ದ. ಹಾಗಾದ್ರೆ ಗಂಗೆಯನ್ನೂ ತರ್ತೀಯಾ ಅಂತ ಉಸ್ತಾದರು ಕೇಳಿಬಿಟ್ಟರು! ಹೊರದೇಶವೇ ಬೇಡ ಅಂದವರಲ್ಲ. ಅಮೆರಿಕದ ಲಿಂಕನ್ ಸೆಂಟರಿನಲ್ಲೂ ನುಡಿಸಿದರು, ತಿರುಗಿ ಕಾಶಿಗೇ ಬಂದರು. 2001ರಲ್ಲಿ ಭಾರತರತ್ನ ಅವರನ್ನು ಹುಡುಕಿಕೊಂಡು ಬಂತು. 2006ರಲ್ಲಿ ತೀರಿಕೊಂಡದ್ದೂ ಆ ಗಂಗೆಯ ದಂಡೆಯ ಊರಲ್ಲೇ.

“ನಿನಗೆ ಹೊಟ್ಟೆಪಾಡು ತಮ್ಮಾ, ಹೋಗಲೇಬೇಕು. ಘಟಪ್ರಭೆಯನ್ನ ಸೂಟ್‌ಕೇಸಿನಲ್ಲಿ ತುಂಬೋದಕ್ಕಾಗೋದಿಲ್ಲ, ಸನಾದಿ ಹಿಡಿಸ್ತದೆ. ಬಾರಿಸೋದು ಬಾರದಿದ್ದರೂ ನಡೀತದೆ. ರೂಮಿನವರು ಇದೇನೋ ಅಂದರೆ, ನಮ್ಮಪ್ಪಂದು ಅನ್ನು. ಆ ಒಂದು ಮಾತು ದನಿ ತಗ್ಗಿಸದೆ ಹೇಳು, ಸಾಕು” ಅಂದೆ.

ಬಸ್ಸು ಬಂತು. ಹುಡುಗ ಚೀಲ ಹೆಗಲಿಗೇರಿಸಿ ಹೋದ. ಒಯ್ದನೋ ಬಿಟ್ಟನೋ, ಅದು ಅವನಿಗೇ ಬಿಟ್ಟದ್ದು.

ನಾನೀಗ ಕೇಳೋದು ನಿಮ್ಮನ್ನ. ಅಣ್ಣಾವ್ರು ಸನಾದಿ ತುಟಿಗಿಟ್ಟರೆ ಸಿಳ್ಳೆ ಹೊಡೀತೀರಿ, ಕಾಸು ತೂರ್ತೀರಿ. ಅದೇ ಸನಾದಿ ಹಿಡಿದವನು ನಿಮ್ಮನೆ ಲಗ್ನಕ್ಕೆ ಬಂದರೆ ಎಲ್ಲಿ ಕೂರಿಸ್ತೀರಿ? ಹಂದರದ ಹೊರಗೆ, ಚಪ್ಪಲಿ ರಾಶಿಯ ಪಕ್ಕ! ಊಟಕ್ಕೆ ಕರೆಯೋದು ಕಟ್ಟಕಡೆಯ ಪಂಕ್ತಿಗೆ. ಹೀಗಾದರೆ ಅವನ ಮಗ ಬಸ್‌ಸ್ಟ್ಯಾಂಡಿನಲ್ಲಿ ದನಿ ತಗ್ಗಿಸದೆ ಇನ್ನೇನು ಮಾಡ್ತಾನೆ?

ಸನಾದಿ ವಿಮಾನ ಹತ್ತೋದು ಆಮೇಲಿರಲಿ. ಈ ಸಲ ಲಗ್ನದ ಸುಗ್ಗಿಯಲ್ಲಿ ಅದು ಹಂದರದ ಒಳಗೆ ಬರಲಿ. ಬಾರಿಸುವವರನ್ನು ಮೊದಲ ಪಂಕ್ತಿಗೆ ಕರೆಯಿರಿ, ಪಕ್ಕದಲ್ಲಿ ನೀವೇ ಕೂತು ಉಣ್ಣಿ. ಅಣ್ಣಾವ್ರ ಅಭಿಮಾನಿಗಳಿಗೆ ಇಷ್ಟೂ ಆಗದೆ?

ಏನಂತೀರಿ? ಬರೀರಿ. ಮುಂದಿನ ವಾರ ಸಿಗೋಣ.