ಸಂತನಿಗೆ ಬೇಡವಾದ ಬಾಲ ನಮಗ್ಯಾಕೆ?

ಪ್ರತಿ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಹೇಳ್ತೀವಿ: ಧರ್ಮಸಭೆ ಒಂದೇ, ಅದು ಪವಿತ್ರ, ಅದು ಇಡೀ ಜಗತ್ತಿನದು ಅಂತ. ಪೂಜೆ ಮುಗಿದು ಹೊರಗೆ ಮದುವೆ ಮಾತು ಬಂದರೆ ಸಾಕು, ನಮ್ಮ ಮಂಗಳೂರು ಕಡೆ ಮೊದಲ ಪ್ರಶ್ನೆ, "ಅವರು ಬಾಮಣರಾ, ಚಾರೊಡಿಗಳಾ?" ಇಡೀ ಜಗತ್ತಿನ ಸಭೆ ಗೇಟಿನ ಹತ್ತಿರವೇ ಮುಗೀತು!

ತಿರುವಾಂಕೂರಿನ ದೇವಸಹಾಯಂ ಗೊತ್ತಲ್ಲ? ರಾಜ ಮಾರ್ತಾಂಡವರ್ಮನ ಅಧಿಕಾರಿ, ಮೇಲುಜಾತಿಯವರು. 1745ರಲ್ಲಿ ದೀಕ್ಷಾಸ್ನಾನ ಪಡೆದರು, 'ಕೀಳು' ಅನ್ನಿಸಿಕೊಂಡವರ ಜೊತೆ ಸಮನಾಗಿ ಬೆರೆತರು. ಸೆರೆ, ಹಿಂಸೆ, ಕೊನೆಗೆ 1752ರಲ್ಲಿ ಗುಂಡೇಟು. ಪಾದ್ರಿಯಲ್ಲ, ಸನ್ಯಾಸಿಯಲ್ಲ, ಹೆಂಡತಿ ಇದ್ದ ಸಂಸಾರಸ್ಥ. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದಾಗ ಹೆಸರಿನಲ್ಲಿ 'ಪಿಳ್ಳೈ' ಇರಲಿಲ್ಲ. ಆ ಜಾತಿಬಾಲವನ್ನು ವ್ಯಾಟಿಕನ್ ಮೊದಲೇ ಕೈಬಿಟ್ಟಿತ್ತು.

ಅವರು ಸತ್ತ ನೆಲ ಈಗ ತಮಿಳುನಾಡು. ಅದೇ ತಮಿಳುನಾಡಿನ ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನದಲ್ಲಿ ಹೆಣಗಳ ನಡುವೆಯೂ ಜಾತಿಗೋಡೆ ಕಟ್ಟಿದವರು ನಮ್ಮವರೇ!

"ಅದು ನಮ್ಮ ಸಂಸ್ಕೃತಿ ಕಣ್ರೀ" ಅನ್ನೋರಿದ್ದಾರೆ. ಸ್ವಾಮಿ, ಕೊಂಕಣಿ ಹಾಡು ಸಂಸ್ಕೃತಿ, ಸಣ್ಣ ಸಂಸ್ಕೃತಿ, ರೋಸ್ ಸಂಸ್ಕೃತಿ. ಪಕ್ಕದ ಬೆಂಚಿನವನ ಮಗಳು ನಮ್ಮನೆಗೆ ಆಗಲ್ಲ ಅನ್ನೋದು ಸೊಕ್ಕು, ಅಷ್ಟೇ.

ಪಾವಿತ್ರ್ಯ ಪಾದ್ರಿಗಳ ಗುತ್ತಿಗೆಯಲ್ಲ, ಎಲ್ಲರಿಗೂ ಅದರ ಕರೆ ಇದೆ ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ. ಹಾಗಾಗಿ ಬಿಷಪ್ಪರ ಸುತ್ತೋಲೆಗೆ ಕಾಯಬೇಕಿಲ್ಲ. ಮನೆಯಲ್ಲಿ ಸಂಬಂಧ ಹುಡುಕುವಾಗ ಜಾತಿಯ ಕಾಲಂ ಖಾಲಿ ಬಿಡಿ. ಡೇಟಾಬೇಸ್ ಭಾಷೆಯಲ್ಲಿ ಹೇಳೋದಾದ್ರೆ, ಸ್ವರ್ಗದ ಫಾರ್ಮಿನಲ್ಲಿ ಆ ಫೀಲ್ಡೇ ಇಲ್ಲ!

ನೀವೇನಂತೀರಿ?