ಚಿತ್ರ ನಾಲ್ಕನ್ನು ನೋಡಿ

ನಮ್ಮಪ್ಪನಿಗೆ ಎರಡು ವರ್ಷದಿಂದ ಕಣ್ಣು ಮಂಜು. ಸಕ್ಕರೆ ಕಾಯಿಲೆ ಕಣ್ಣಿಗೂ ಇಳಿದಿದೆ, ಕನ್ನಡಕ ಬದಲಾಯಿಸಿದರೆ ಸರಿಹೋಗೋ ಕೇಸಲ್ಲ. ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡೂವರೆ ಎಕರೆ ತೋಟ. ತೆಂಗು, ಹಿಪ್ಪುನೇರಳೆ, ಬದುವಿನ ಮೇಲೆ ನಾಲ್ಕು ಮಾವು. ಓದಿದ್ದು ಏಳನೇ ಕ್ಲಾಸು, ಆದರೆ ಕೈಗೆ ಸಿಕ್ಕ ಕೃಷಿ ಪುಸ್ತಕವನ್ನು ಓದದೆ ಬಿಟ್ಟವರಲ್ಲ. ಈಗ ಅಕ್ಷರ ಕಾಣಲ್ಲ. ಕಳೆದ ಸಂಕ್ರಾಂತಿಗೆ ಊರಿಗೆ ಹೋದಾಗ ಅವರ ಫೋನಿಗೆ ಒಂದು ಆ್ಯಪ್ ಹಾಕಿ, ತೋಟಗಾರಿಕೆಯ ಒಂದು ಕನ್ನಡ ಆಡಿಯೋ ಪುಸ್ತಕ ಕೊಂಡು, ಜಗಲಿ ಮೇಲೆ ಇಟ್ಟು ಪ್ಲೇ ಒತ್ತಿದೆ. ಬಿಇ ಓದಿಸಿದ್ದಕ್ಕೆ ಒಂದು ಉಪಯೋಗ ಆಯ್ತಲ್ಲ ಅನ್ನೋ ಹೆಮ್ಮೆ ಬೇರೆ.

ಹತ್ತು ನಿಮಿಷ ಆಗಿರಬಹುದು. ತೆಂಗಿನ ಸಸಿಗಳ ನಡುವೆ ಎಷ್ಟು ಅಂತರ ಬಿಡಬೇಕು ಅನ್ನೋ ಮಾತು ಬಂತು. ‘ಇಪ್ಪತ್ತೈದು ಮೈನಸ್ ಮೂವತ್ತು ಅಡಿ’ ಅಂತು ಫೋನು. ಅದರ ಹಿಂದೆಯೇ, ‘ವಿವರಗಳಿಗೆ ಚಿತ್ರ ನಾಲ್ಕನ್ನು ನೋಡಿ.’

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ಇವ್ನು ಯಾರ್ಗ್ಲಾ ಯೋಳ್ತಾವ್ನೆ?’

ಕನ್ನಡದಲ್ಲಿ ಕಲೆ, ಸಂಸ್ಕೃತಿ, ತೋಟದ ಬಗ್ಗೆ ಆಡಿಯೋ ಪುಸ್ತಕ ಮಾಡೋ ಎಲ್ಲರಿಗೂ ಈ ಪ್ರಶ್ನೆ ತಲುಪಿಸಬೇಕು ಅಂತಲೇ ಇದನ್ನು ಬರೀತಿದ್ದೀನಿ. ಯಾರಿಗೆ ಹೇಳ್ತಿದ್ದೀರಿ ಸ್ವಾಮಿ?

ಆ ‘ಮೈನಸ್’ ಯಂತ್ರದ ದನಿಯ ಬಗ್. ಅದರ ಬಗ್ಗೆ ನನಗೆ ದೊಡ್ಡ ಸಿಟ್ಟಿಲ್ಲ, ನಾನೂ ದಿನಾ ಬಗ್ ಹುಟ್ಟಿಸೋನೇ. ನನ್ನ ಸಿಟ್ಟು ಬೇರೆ. ಆ ಪುಸ್ತಕವನ್ನು ಮಾರಾಟಕ್ಕೆ ಇಡೋ ಮುಂಚೆ ಒಬ್ಬೇ ಒಬ್ಬ ಮನುಷ್ಯ ಮೊದಲಿಂದ ಕೊನೆ ತನಕ ಕೂತು ಕೇಳಿಲ್ಲ. ನಾವು ಹೀಗೆ ಟೆಸ್ಟ್ ಮಾಡದೆ ರಿಲೀಸ್ ಕೊಟ್ಟರೆ ಮಾರನೇ ದಿನ ಮೀಟಿಂಗಲ್ಲಿ ಚರ್ಮ ಸುಲೀತಾರೆ. ಮನುಷ್ಯರೇ ಓದಿದ ಪುಸ್ತಕಗಳ ಕಥೆಯೂ ಏನು ಭಾರೀ ಬೇರೆಯಲ್ಲ. ಕೋಷ್ಟಕವನ್ನು ಸಾಲು ಸಾಲಾಗಿ ಓದೋದು, ಅಡಿಟಿಪ್ಪಣಿಯನ್ನು ವಾಕ್ಯದ ಮಧ್ಯೆ ತುರುಕೋದು, ಎಲ್ಲವನ್ನೂ ವಾರ್ತೆ ಓದೋ ದನಿಯಲ್ಲಿ ಒಪ್ಪಿಸೋದು. ಕಾದಂಬರಿಗಳು ಪರವಾಗಿಲ್ಲ, ನಾಟಕದವರು ಓದಿದರೆ ಜೀವ ಬರುತ್ತೆ. ಕಥೆಯಲ್ಲದ ಪುಸ್ತಕಕ್ಕೆ ಮಾತ್ರ ಈ ಶಿಕ್ಷೆ. ಕಣ್ಣಿಗಾಗಿ ಬರೆದದ್ದನ್ನು ಹಾಗೇ ಎತ್ತಿ ಕಿವಿಗೆ ಸುರಿಯೋದು.

ಕಲೆಯ ವಿಷಯಕ್ಕೆ ಬನ್ನಿ. ಚನ್ನಪಟ್ಟಣದಲ್ಲಿ ಗೊಂಬೆ ಮಾಡೋ ಮನೆಗಳ ಮುಂದೆ ಓಡಾಡಿ ಬೆಳೆದವನು ನಾನು. ಆಲೆ ಮರದ ತುಂಡು ಲೇತ್ ಮೇಲೆ ತಿರುಗುವಾಗ ಉಳಿ ತಾಗಿದರೆ ಒಂದು ಸದ್ದು, ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಇನ್ನೊಂದು. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ, ಆಮೇಲೆ ಗರಿ ಹಿಡಿದು ಉಜ್ಜಿದರೆ ಹೊಳಪು. ಈ ಕಸುಬಿನ ಬಗ್ಗೆ ಈಗಿನ ರೀತಿಯಲ್ಲೇ ಆಡಿಯೋ ಪುಸ್ತಕ ಮಾಡಿದರೆ ಟಿಪ್ಪು ಕಾಲ ಬರುತ್ತೆ, ಬಾವಾಸ್ ಮಿಯಾನ್ ಹೆಸರು ಬರುತ್ತೆ, ಭೌಗೋಳಿಕ ಸೂಚಿಯ ಮಾನ್ಯತೆ ಬರುತ್ತೆ. ಹತ್ತು ಸೆಕೆಂಡ್ ಲೇತಿನ ಸದ್ದು ಮಾತ್ರ ಬರಲ್ಲ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂಥ ಪುಸ್ತಕವನ್ನು ಚೆಂಡೆಯ ಒಂದು ಪೆಟ್ಟೂ ಇಲ್ಲದೆ ಬರೀ ಓದಿ ಕೇಳಿಸಿದರೆ ಅದು ಊಟದ ಮೆನು ಓದಿ ಹೊಟ್ಟೆ ತುಂಬಿಸಿದ ಹಾಗೆ.

ತೋಟದ್ದೂ ಅದೇ ಪಾಡು. ನಾಲ್ಕನೇ ಜ್ವರದಿಂದ ಎದ್ದ ರೇಷ್ಮೆ ಹುಳ ಸೊಪ್ಪು ಮೇಯೋ ಸದ್ದು ಕೇಳಿದ್ದೀರಾ? ರಾತ್ರಿ ಹೊತ್ತು ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗಿರುತ್ತೆ. ಸದ್ದು ಕಮ್ಮಿಯಾದರೆ ಸೊಪ್ಪು ಮುಗಿದಿದೆ ಅಂತ ಅರ್ಧ ನಿದ್ದೆಯಲ್ಲೂ ಅಮ್ಮನಿಗೆ ಗೊತ್ತಾಗ್ತಿತ್ತು. ಅಂದ ಹಾಗೆ ಜ್ವರ ಅಂದ್ರೆ ಕಾಯಿಲೆಯಲ್ಲ, ಹುಳ ಪೊರೆ ಬಿಡೋ ಹೊತ್ತು. ಈ ಮಾತು ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಬರೋ ಯಾವ ರೈತನನ್ನು ಕೇಳಿದರೂ ಗೊತ್ತು. ಸ್ಟುಡಿಯೋದಲ್ಲಿ ಕೂತವರಿಗೆ ಗೊತ್ತಿಲ್ಲದಿದ್ದರೆ ತಪ್ಪಲ್ಲ, ಕೇಳದೇ ಇರೋದು ತಪ್ಪು.

‘ಮಾರ್ಕೆಟ್ ಚಿಕ್ಕದು ಗುರು, ಇಷ್ಟಾದ್ರೂ ಬರ್ತಿದೆಯಲ್ಲ’ ಅಂತಾರೆ ಸ್ನೇಹಿತರು. ಒಪ್ಪೋಣ, ದುಡ್ಡಿನ ಕಷ್ಟ ನಿಜ. ಆದರೆ ಇದು ನಮಗೆ ಹೊಸ ವಿದ್ಯೆಯಲ್ಲ. 1935ರಲ್ಲೇ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದರು. ಅಪ್ಪ ಸಂಜೆ ತಪ್ಪದೆ ಕೇಳ್ತಿದ್ದ ಆಕಾಶವಾಣಿಯ ಕೃಷಿರಂಗದಲ್ಲಿ ಒಬ್ಬರು ಕೇಳೋರು, ಒಬ್ಬರು ಹೇಳೋರು. ನಮ್ಮ ತಲೆಯಲ್ಲಿ ಏಳೋ ಸಂಶಯವನ್ನೇ ಕೇಳೋರು ಕೇಳ್ತಿದ್ದರು, ಅದಕ್ಕೇ ಅರ್ಥ ಆಗ್ತಿತ್ತು. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಟೇಪ್ ರೆಕಾರ್ಡರ್ ಹಿಡಿದು ಊರೂರು ತಿರುಗಿ ಹಾಡು, ಕಥೆ ಹೇಳೋರ ದನಿಯನ್ನೇ ಕೂಡಿಟ್ಟರು. 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಆಗ ಟೇಪ್ ಹೊತ್ತುಕೊಂಡು ಹೋಗಬೇಕಿತ್ತು. ಈಗ ನಿಮ್ಮ ಜೇಬಿನ ಫೋನು ಅದಕ್ಕಿಂತ ಚೆನ್ನಾಗಿ ರೆಕಾರ್ಡ್ ಮಾಡುತ್ತೆ. ಕಮ್ಮಿಯಾಗಿರೋದು ದುಡ್ಡೊಂದೇ ಅಲ್ಲ, ಹೋಗಿ ಕೂತು ಕೇಳೋ ಮನಸ್ಸು.

ಇನ್ನೊಂದು ಪಂಗಡ ಇದೆ: ‘ಕೇಳೋದು ಓದೇ ಅಲ್ಲ’ ಅನ್ನೋರು. ಅವರು ಒಮ್ಮೆ ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ ಹೋಗಿ ಬರಲಿ. ಅಲ್ಲಿಂದ ಕುದೂರಿನ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಗಂಡ ಚಿಕ್ಕಯ್ಯ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳಿವೆ. 2019ರಲ್ಲಿ ಪದ್ಮಶ್ರೀ ಪಡೆದ ಆಕೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಸಿ ಕಸಿ ಮಾಡೋದಾಗಲಿ, ಕಂಸಾಳೆ ಕುಣಿತವಾಗಲಿ, ನಮ್ಮ ಕಡೆ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಬಂದದ್ದೇ ಹೆಚ್ಚು. ಪುಸ್ತಕ ಅದಾದ ಮೇಲೆ ಬಂತು.

ಈಗ ನಮ್ಮ ಸರದಿ, ಅಂದ್ರೆ ಹೆಡ್‌ಫೋನ್ ಹಾಕಿಕೊಂಡು ಕೇಳೋ ನಾನು, ನೀವು. 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬೆಂಗಳೂರಿಂದ ಒಂದೂವರೆ ಗಂಟೆಗೆ ಮೈಸೂರು. ರಾಮನಗರವೂ ಕಾಣಲ್ಲ, ಚನ್ನಪಟ್ಟಣದ ಗೊಂಬೆ ಅಂಗಡಿಯೂ ಕಾಣಲ್ಲ. ನಾವು ಪುಸ್ತಕವನ್ನು ಎರಡರಷ್ಟು ಸ್ಪೀಡಿನಲ್ಲಿ ಕೇಳೋದೂ ಹಾಗೇ. ಮುಗಿಸಿದ ಲೆಕ್ಕ ಸಿಗುತ್ತೆ, ಊರು ಸಿಗಲ್ಲ. ಕೇಳುವವರೇ ಗಮನ ಕೊಡದಿದ್ದರೆ ಮಾಡುವವರು ಯಾಕೆ ತಲೆ ಕೆಡಿಸಿಕೊಳ್ತಾರೆ? ದುಡ್ಡು ಕೊಟ್ಟು ಕೇಳಿ, ನಿಧಾನ ಕೇಳಿ, ‘ಚಿತ್ರ ನಾಲ್ಕು’ ಬಂದ ಕಡೆ ನಿಲ್ಲಿಸಿ ನಿಮಿಷ ಸೆಕೆಂಡ್ ಸಮೇತ ಬರೆದು ದೂರು ಕೊಡಿ. ನಾನು ಕೊಟ್ಟಿದ್ದೀನಿ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಬಂತು. ಇನ್ನೊಂದು ಕೊಡ್ತೀನಿ.

ಮಾಡುವವರಿಗೆ ಒಂದೇ ಬೇಡಿಕೆ. ರೆಕಾರ್ಡ್ ಒತ್ತೋ ಮುಂಚೆ ಕಣ್ಣು ಕಾಣದ ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಅಂಥ ಪುಸ್ತಕದಲ್ಲಿ ಅವರೇ ಬರೆದ ಎಲೆ, ಹೂವಿನ ಚಿತ್ರಗಳಿವೆ. ಅದನ್ನು ಕಿವಿಗೆ ತರೋದು ಅಂದ್ರೆ ಚಿತ್ರ ಹಾರಿಸಿ ಓದೋದಲ್ಲ. ಎಲೆಯ ಅಂಚು ನುಣುಪೋ ಗರಗಸವೋ ಅಂತ ಮಾತಲ್ಲೇ ಕಾಣಿಸೋದು. ಎದುರಿಗೆ ಕೂತವರು ‘ಅಂದ್ರೆ?’ ಅಂದ ಕಡೆ ನಿಲ್ಲಿ, ತಿದ್ದಿ, ಮತ್ತೆ ಹೇಳಿ.

ಈಗ ಪ್ರತಿ ಭಾನುವಾರ ರಾತ್ರಿ ಅಪ್ಪನಿಗೆ ಫೋನಲ್ಲಿ ನಾನೇ ಪುಸ್ತಕ ಓದ್ತೀನಿ. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತೆ, ಯಾಕಂದ್ರೆ ಮೂರು ಸಾಲಿಗೊಮ್ಮೆ ತಡೀತಾರೆ. ‘ಅದು ಸುಳ್ಳು ಕಣ್ಲಾ, ನಮ್ ಮಣ್ಣಿಗೆ ಹಂಗಾಗಕಿಲ್ಲ’ ಅಂತಾರೆ. ಮೊನ್ನೆಯಿಂದ ಅದನ್ನೂ ರೆಕಾರ್ಡ್ ಮಾಡಿಕೊಳ್ತಿದ್ದೀನಿ.